ವಯಸ್ಸಾದವರು, ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್: ಮನೆಯವರು ಪದೇ ಪದೇ ಕೇಳೋ ಪ್ರಶ್ನೆಗಳು

70 ದಾಟಿದವರು ಇರೋ ಮನೇಲಿ ಮಾತ್ರೆ ಡಬ್ಬಿ ತೆಗೆದ್ರೆ ಬಿಪಿ, ಶುಗರ್ ಮಾತ್ರೆ ಜೊತೆ ಇಕೋಸ್ಪ್ರಿನ್ನೋ (ಆಸ್ಪಿರಿನ್ ಮಾತ್ರೆಯ ಒಂದು ಬ್ರ್ಯಾಂಡ್ ಹೆಸರು) ಕ್ಲೋಪಿಡೋಗ್ರೆಲ್ಲೋ ಒಂದು ಸ್ಟ್ರಿಪ್ ಸಿಕ್ಕೇ ಸಿಗುತ್ತೆ, ಅಷ್ಟು ಕಾಮನ್ ಆಗಿದೆ. ಆದ್ರೆ ಅದನ್ನ ಯಾಕೆ ಶುರು ಮಾಡಿದ್ರು, ಎಲ್ಲಿವರೆಗೆ ತಗೋಬೇಕು ಅಂತ ಕೇಳಿದ್ರೆ ಎಷ್ಟೋ ಮನೇಲಿ ಯಾರಿಗೂ ಗೊತ್ತಿರಲ್ಲ, "ಡಾಕ್ಟ್ರು ಬರ್ಕೊಟ್ಟಿದ್ರು, ತಗೋತಿದಾರೆ" ಅಷ್ಟೇ. ಈ ಎರಡು ಪ್ರಶ್ನೆಗೆ ಉತ್ತರ ಗೊತ್ತಿಲ್ಲದೇ ಇರೋದ್ರಿಂದಾನೇ ಬೇಡದವ್ರು ತಗೋತಾ ಇರ್ತಾರೆ, ಬೇಕಾದವ್ರು ನಿಲ್ಲಿಸಿಬಿಡ್ತಾರೆ. ಕೆಳಗಿರೋದನ್ನ ಓದ್ಕೊಂಡು ನಿಮ್ಮ ಡಾಕ್ಟರ್ ಹತ್ರ ಮಾತಾಡಿ, ಓದಿದ ಮಾತ್ರಕ್ಕೆ ನೀವಾಗೇ ಮಾತ್ರೆ ಬದಲಾಯಿಸ್ಬೇಡಿ.

ಈ ಮಾತ್ರೆಗಳು ದೇಹದಲ್ಲಿ ಏನ್ ಮಾಡುತ್ವೆ?

ಪ್ಲೇಟ್‌ಲೆಟ್ ಅಂದ್ರೆ ನಮ್ಮೂರಲ್ಲಿ ಎಲ್ರಿಗೂ ಗೊತ್ತು, ಡೆಂಗ್ಯೂ ಬಂದಾಗ ಕೌಂಟ್ ನೋಡ್ತಾರಲ್ಲ ಅದೇ. ಗಾಯ ಆದಾಗ ಈ ಕಣಗಳು ಒಂದಕ್ಕೊಂದು ಅಂಟ್ಕೊಂಡು ರಕ್ತ ನಿಲ್ಲಿಸುತ್ವೆ. ಅದೇ ಕೆಲಸ ಹಾರ್ಟಿನ ರಕ್ತನಾಳದ ಒಳಗೆ, ಕೊಬ್ಬು ಕಟ್ಟಿ ಬಿರುಕು ಬಿಟ್ಟ ಜಾಗದಲ್ಲಿ ನಡೆದ್ರೆ ಹಾರ್ಟ್ ಅಟ್ಯಾಕ್, ಮೆದುಳಲ್ಲಿ ಆದ್ರೆ ಲಕ್ವ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲರ್ ಇವೆಲ್ಲ ಪ್ಲೇಟ್‌ಲೆಟ್ ಅಂಟ್ಕೊಳ್ಳೋದನ್ನ ಕಮ್ಮಿ ಮಾಡುತ್ವೆ, ಕೌಂಟ್ ಕಮ್ಮಿ ಮಾಡೋದಲ್ಲ. ಆಸ್ಪಿರಿನ್ ಒಂದ್ಸಲ ಒಂದು ಪ್ಲೇಟ್‌ಲೆಟ್ಟನ್ನ ಹಿಡಿದ್ರೆ ಅದರ ಆಯುಸ್ಸು ಮುಗಿಯೋ ತನಕ, ಅಂದ್ರೆ 7ರಿಂದ 10 ದಿನ, ಬಿಡಲ್ಲ. ಅದಕ್ಕೇ ದಿನಕ್ಕೆ 75 ಮಿಲಿಗ್ರಾಂನ ಸಣ್ಣ ಮಾತ್ರೆ ಸಾಕಾಗುತ್ತೆ. ಜಾಸ್ತಿ ತಗೊಂಡ್ರೆ ಜಾಸ್ತಿ ಸೇಫ್ ಅಂತ ಏನಿಲ್ಲ, ಅಮೆರಿಕದಲ್ಲಿ 15,000 ಹಾರ್ಟ್ ಪೇಷಂಟ್‌ಗಳಲ್ಲಿ 81 ಮಿಲಿಗ್ರಾಂ ಮತ್ತೆ 325 ಮಿಲಿಗ್ರಾಂ ಹೋಲಿಸಿ ನೋಡಿದ ಅಡಾಪ್ಟಬಲ್ ಅನ್ನೋ ಅಧ್ಯಯನದಲ್ಲಿ (2021) ದೊಡ್ಡ ಡೋಸಿಂದ ಹೆಚ್ಚಿನ ಲಾಭ ಕಾಣಿಸ್ಲಿಲ್ಲ.

ವಯಸ್ಸಾದ್ಮೇಲೆ ಅದೇ ಮಾತ್ರೆ ಬೇರೆ ಥರ ಕೆಲಸ ಮಾಡುತ್ತಾ?

ಹೌದು, ಇಡೀ ವಿಷಯ ನಿಂತಿರೋದೇ ಇದರ ಮೇಲೆ. ವಯಸ್ಸಾಗ್ತಾ ಪ್ಲೇಟ್‌ಲೆಟ್‌ಗಳು ಸ್ವಲ್ಪ ಜಾಸ್ತಿನೇ ಚುರುಕಾಗಿರುತ್ವೆ, ಲ್ಯಾಬಲ್ಲಿ ಟೆಸ್ಟ್ ಮಾಡಿದ್ರೆ ಕ್ಲೋಪಿಡೋಗ್ರೆಲ್ ತಗೊಂಡ್ರೂ ವಯಸ್ಸಾದವರಲ್ಲಿ ಪ್ಲೇಟ್‌ಲೆಟ್ ಅಷ್ಟಾಗಿ ತಗ್ಗಿರಲ್ಲ ಅಂತ ಬರೋದು ಸಾಮಾನ್ಯ. ಹಂಗಂತ ಅವರಿಗೆ ರಕ್ತಸ್ರಾವ ಕಮ್ಮಿ ಆಗ್ಬೇಕಲ್ವಾ? ಇಲ್ಲ, ಅವರಿಗೇ ಜಾಸ್ತಿ ಆಗೋದು! ಯಾಕಂದ್ರೆ ರಕ್ತ ನಿಲ್ಲೋದು ಬರೀ ಪ್ಲೇಟ್‌ಲೆಟ್ಟಿಂದ ಅಲ್ಲ. ವಯಸ್ಸಾದವರ ರಕ್ತನಾಳದ ಗೋಡೆ ಬೇಗ ಒಡೆಯೋ ಹಂಗೆ ಆಗಿರುತ್ತೆ, ಮೆದುಳಿನ ಸಣ್ಣ ನಾಳಗಳಲ್ಲೂ ಅಷ್ಟೇ, ಹೊಟ್ಟೆ ಒಳಪದರ ತನ್ನನ್ನ ತಾನು ಕಾಪಾಡ್ಕೊಳ್ಳೋ ಶಕ್ತಿ ಕಮ್ಮಿ ಆಗಿರುತ್ತೆ, ಕಿಡ್ನಿ ನಿಧಾನ ಆಗಿರುತ್ತೆ, ತೂಕ ಇಳಿದಿರುತ್ತೆ, ಮೇಲಿಂದ ದಿನಕ್ಕೆ ಏಳೆಂಟು ಬೇರೆ ಮಾತ್ರೆ. ಅಂದ್ರೆ ಹೆಪ್ಪುಗಟ್ಟೋ ಅಪಾಯಾನೂ ಜಾಸ್ತಿ, ರಕ್ತಸ್ರಾವದ ಅಪಾಯಾನೂ ಜಾಸ್ತಿ, ಎರಡೂ ಒಬ್ಬರಲ್ಲೇ. 45 ವರ್ಷದವರಿಗೆ ಬರ್ದಿದ್ದನ್ನೇ 80 ವರ್ಷದವರಿಗೂ ಹಂಗೇ ಕೊಡೋಕಾಗಲ್ಲ ಅನ್ನೋದು ಅದಕ್ಕೇ.

ಇನ್ನೊಂದು ವಿಷಯ, ವಯಸ್ಸು ಅನ್ನೋದು ಒಂದು ನಂಬರ್ ಅಷ್ಟೇ ಅಲ್ಲ. ದಿನಾ ವಾಕ್ ಮಾಡೋ, ಹಿಮೋಗ್ಲೋಬಿನ್ 13 ಇರೋ 82ರ ಅಜ್ಜ ಒಂದು ಕಡೆ, 45 ಕೆಜಿ ತೂಕ, ಕಿಡ್ನಿ ತೊಂದರೆ, ಹಿಮೋಗ್ಲೋಬಿನ್ 9 ಇರೋ 72ರ ಅಜ್ಜಿ ಇನ್ನೊಂದು ಕಡೆ ಇದ್ರೆ ನಾನು ಜಾಸ್ತಿ ಹೆದರೋದು ಅಜ್ಜಿ ಬಗ್ಗೆ. ಡಾಕ್ಟರ್‌ಗಳು ರಕ್ತಸ್ರಾವದ ಅಪಾಯ ಲೆಕ್ಕ ಹಾಕುವಾಗ 75 ದಾಟಿರೋದನ್ನ ಸಣ್ಣ ಅಂಶ ಅಂತ ಇಡ್ತಾರೆ, ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ರೆ ಅದನ್ನ ದೊಡ್ಡ ಅಂಶ ಅಂತ ಇಡ್ತಾರೆ.

ಅಪ್ಪಂಗೆ 74. ಹಾರ್ಟ್ ಪ್ರಾಬ್ಲಮ್ ಇಲ್ಲ, ಲಕ್ವ ಹೊಡೆದಿಲ್ಲ. ಮುಂಜಾಗ್ರತೆಗೆ ಅಂತ ದಿನಾ ಇಕೋಸ್ಪ್ರಿನ್ ಶುರು ಮಾಡ್ಲಾ?

ನೀವಾಗೇ ಶುರು ಮಾಡ್ಬೇಡಿ. ಇದರ ಬಗ್ಗೆ ಗಟ್ಟಿ ಉತ್ತರ ಇದೆ. ಆಸ್ಪ್ರೀ ಅಂತ ಒಂದು ದೊಡ್ಡ ಅಧ್ಯಯನ ಆಸ್ಟ್ರೇಲಿಯಾ ಮತ್ತೆ ಅಮೆರಿಕದಲ್ಲಿ ನಡೀತು, ಹೆಚ್ಚುಕಮ್ಮಿ ಎಲ್ರೂ 70 ದಾಟಿದವರು, ಒಟ್ಟು 19,114 ಜನ, ಯಾರಿಗೂ ಮೊದಲು ಹಾರ್ಟ್ ಕಾಯಿಲೆ ಇರಲಿಲ್ಲ. ಅರ್ಧ ಜನಕ್ಕೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಇನ್ನರ್ಧ ಜನಕ್ಕೆ ಔಷಧಿ ಇಲ್ಲದ ಖಾಲಿ ಮಾತ್ರೆ. ಸುಮಾರು 4.7 ವರ್ಷ ಆದ್ಮೇಲೆ, 2018ರಲ್ಲಿ ರಿಸಲ್ಟ್ ಬಂತು: ಅಂಗವೈಕಲ್ಯ ಇಲ್ಲದೆ, ಮರೆವಿನ ಕಾಯಿಲೆ ಇಲ್ಲದೆ ಬದುಕೋ ವಿಷಯದಲ್ಲಿ ಆಸ್ಪಿರಿನ್ನಿಂದ ಏನೂ ಲಾಭ ಆಗಿರಲಿಲ್ಲ, ದೊಡ್ಡ ರಕ್ತಸ್ರಾವ ಮಾತ್ರ 2.8%ರಿಂದ 3.8%ಗೆ ಏರಿತ್ತು. ಅದೇ ಜನರನ್ನ ಮುಂದೆ ನೋಡಿದಾಗ ಆಸ್ಪಿರಿನ್ ತಗೊಂಡವರಲ್ಲಿ ರಕ್ತಹೀನತೆ ಬರೋದೂ ಸುಮಾರು 20% ಜಾಸ್ತಿ. ಅಜ್ಜಿ ಸುಸ್ತು ಅಂದ್ರೆ "ವಯಸ್ಸಾಯ್ತಲ್ಲ" ಅಂತ ಬಿಟ್ಬಿಡ್ತೀವಿ, ಒಂದ್ಸಲ ಹಿಮೋಗ್ಲೋಬಿನ್ ನೋಡಿಸಿ, ದೊಡ್ಡ ಖರ್ಚೇನಲ್ಲ.

ಮಗಳು ಅಮೆರಿಕದಿಂದ ಬರುವಾಗ ಬೇಬಿ ಆಸ್ಪಿರಿನ್ ಬಾಟಲಿ ತಂದಿದಾಳೆ, ಅಲ್ಲಿ ಎಲ್ರೂ ತಗೋತಾರಂತಲ್ಲ?

ಮುಂಚೆ ತುಂಬಾ ಜನ ತಗೋತಿದ್ರು ನಿಜ. ಈಗ ಅಲ್ಲೇ ಮಾತು ಬದಲಾಗಿದೆ. ಕಾಯಿಲೆ ಬರೋಕ್ ಮುಂಚೆ ಏನ್ ಮಾಡ್ಬೇಕು ಅಂತ ಸಲಹೆ ಕೊಡೋ ಅಮೆರಿಕದ ತಜ್ಞರ ತಂಡ 2022ರಲ್ಲಿ, 60 ದಾಟಿದವರು ಹಾರ್ಟ್ ಕಾಯಿಲೆ ತಡೆಯೋಕೆ ಅಂತ ಹೊಸದಾಗಿ ಆಸ್ಪಿರಿನ್ ಶುರು ಮಾಡ್ಬೇಡಿ ಅಂತ ಹೇಳ್ತು. ಹಾರ್ಟ್ ಕಾಯಿಲೆ ಇಲ್ದೇನೇ ವರ್ಷಗಟ್ಲೆಯಿಂದ ತಗೋತಾ ಇರೋರು 75ರ ಹೊತ್ತಿಗೆ ನಿಲ್ಲಿಸೋ ಬಗ್ಗೆ ಡಾಕ್ಟರ್ ಹತ್ರ ಮಾತಾಡೋದು ಒಳ್ಳೇದು. ಬಾಟಲಿ ಮೇಲೆ ಬೇಬಿ ಅಂತಿದ್ರೂ ಒಳಗಿರೋದು ಇಕೋಸ್ಪ್ರಿನ್ನಲ್ಲಿರೋ ಅದೇ ಔಷಧಿ, 81 ಮಿಲಿಗ್ರಾಂ. ಎರಡನ್ನೂ ಒಟ್ಟಿಗೆ ನುಂಗಿಸ್ಬೇಡಿ.

ಹಂಗಾದ್ರೆ ಸ್ಟೆಂಟ್ ಹಾಕ್ಸಿರೋ ನಮ್ಮಮ್ಮನೂ ನಿಲ್ಲಿಸಿಬಿಡ್ಲಾ?

ದಯವಿಟ್ಟು ಬೇಡ! ಮೇಲೆ ಹೇಳಿದ್ದು ಯಾವತ್ತೂ ಹಾರ್ಟ್ ಅಟ್ಯಾಕ್ ಆಗದೇ ಇರೋರಿಗೆ ಮಾತ್ರ. ಅಟ್ಯಾಕ್ ಆಗಿರೋರು, ಸ್ಟೆಂಟ್ (ಬ್ಲಾಕ್ ಆದ ರಕ್ತನಾಳ ತೆರೆದಿಡೋಕೆ ಒಳಗೆ ಕೂರಿಸೋ ಸಣ್ಣ ಜಾಲರಿ ಕೊಳವೆ) ಇರೋರು, ಬೈಪಾಸ್ ಆಗಿರೋರು, ಹೆಪ್ಪುಗಟ್ಟಿ ಲಕ್ವ ಹೊಡೆದಿರೋರು, ಇವರಿಗೆ ಲೆಕ್ಕಾನೇ ಬೇರೆ. 1988ರ ಐಸಿಸ್-2 ಅನ್ನೋ ಅಧ್ಯಯನದಲ್ಲಿ 17,187 ಜನ ಇದ್ರು, ಹಾರ್ಟ್ ಅಟ್ಯಾಕ್ ಆದ ತಕ್ಷಣ ಶುರು ಮಾಡಿ ಒಂದು ತಿಂಗಳು ಕೊಟ್ಟ ಆಸ್ಪಿರಿನ್, ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಆಗೋ ಸಾವನ್ನ ಸುಮಾರು 23% ಇಳಿಸ್ತು. ಅಟ್ಯಾಕ್ ಆದವರಲ್ಲಿ ಅಪಾಯ ದೊಡ್ಡದಿರೋದ್ರಿಂದ ಲಾಭಾನೂ ದೊಡ್ಡದು, ಅದು 80ರಲ್ಲೂ ನಿಜ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಂತೂ ಮಾತ್ರೆ ನಿಲ್ಲಿಸಿದ್ರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಿ ಜೀವಕ್ಕೇ ಬರುತ್ತೆ. ಊರಿಗೆ ಹೋದಾಗ ಮಾತ್ರೆ ಮರೆತ್ರು, ಹಬ್ಬದ ಉಪವಾಸ ಅಂತ ಬಿಟ್ರು, ಯಾರೋ ಕಷಾಯ ಕೊಟ್ಟು ಇಂಗ್ಲಿಷ್ ಮಾತ್ರೆ ಬಿಡಿ ಅಂದ್ರು, ಹಿಂಗೆಲ್ಲ ಆಗೋದನ್ನ ಮನೆಯವರು ತಡೀಬೇಕು. ದುಡ್ಡಿನ ತೊಂದರೆಗೆ ನಿಲ್ಲಿಸ್ತಿದ್ರೆ ಜನೌಷಧಿ ಕೇಂದ್ರದಲ್ಲಿ ಇವೇ ಮಾತ್ರೆ ತುಂಬಾ ಕಮ್ಮಿಗೆ ಸಿಗುತ್ತೆ, ಚೀಟಿ ತಗೊಂಡು ಹೋಗಿ.

ಎರಡೆರಡು ಮಾತ್ರೆ ಕೊಟ್ಟಿದಾರೆ, ಆಸ್ಪಿರಿನ್ನೂ ಕ್ಲೋಪಿಡೋಗ್ರೆಲ್ಲೂ. ಎಷ್ಟು ದಿನ ತಗೋಬೇಕು?

ಇದನ್ನ ಡಿಸ್ಚಾರ್ಜ್ ದಿನಾನೇ ಕೇಳಿ, ತಾರೀಖು ಸಮೇತ ಬರೆಸ್ಕೊಳ್ಳಿ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ರೆ ಸಾಮಾನ್ಯವಾಗಿ 12 ತಿಂಗಳು, ಅಟ್ಯಾಕ್ ಆಗದೆ ಬ್ಲಾಕ್ ಇದೆ ಅಂತ ಹಾಕಿದ್ರೆ 6 ತಿಂಗಳು, ಆಮೇಲೆ ಒಂದೇ ಮಾತ್ರೆ. ರಕ್ತಸ್ರಾವದ ಅಪಾಯ ಜಾಸ್ತಿ ಇರೋ ವಯಸ್ಸಾದವರಿಗೆ ಇದನ್ನ 1ರಿಂದ 3 ತಿಂಗಳಿಗೆ ಇಳಿಸೋದೂ ಇದೆ, 2021ರಲ್ಲಿ ಬಂದ ಮಾಸ್ಟರ್ ಡ್ಯಾಪ್ಟ್ ಅಧ್ಯಯನದಲ್ಲಿ ಇಂಥವರಿಗೆ ಒಂದು ತಿಂಗಳಿಗೇ ಎರಡನೇ ಮಾತ್ರೆ ನಿಲ್ಲಿಸಿದಾಗ ಅಟ್ಯಾಕ್ ಜಾಸ್ತಿ ಆಗ್ಲಿಲ್ಲ, ರಕ್ತಸ್ರಾವ ಕಮ್ಮಿ ಆಯ್ತು. ಯಾರಿಗೆ ಇಳಿಸಬಹುದು ಅಂತ ನಿರ್ಧರಿಸೋದು ಹಾರ್ಟ್ ಡಾಕ್ಟರ್, ಪಕ್ಕದ ಮನೆಯವರಿಗೆ ಮೂರು ತಿಂಗಳಿಗೆ ನಿಲ್ಲಿಸಿದ್ರು ಅಂತ ನೀವೂ ನಿಲ್ಲಿಸೋದಲ್ಲ.

ಸಣ್ಣ ಲಕ್ವ ಹೊಡೆದು ಚೇತರಿಸ್ಕೊಂಡವರಲ್ಲಿ ಇದು ಇನ್ನೂ ಚಿಕ್ಕದು. ಎರಡೂ ಮಾತ್ರೆಯಿಂದ ಲಾಭ ಸಿಗೋದು ಮೊದಲ ಮೂರು ವಾರದಲ್ಲಿ, ಅದಕ್ಕೇ ಹೆಚ್ಚಾಗಿ 21 ದಿನ ಅಂತ ಬರೀತಾರೆ, ಆಮೇಲೆ ಒಂದು ಸಾಕು. ಆದ್ರೆ ಆಗೋದೇನು ಅಂದ್ರೆ ಹಳೆ ಚೀಟಿ ಹಿಡ್ಕೊಂಡು ತಿಂಗಳು ತಿಂಗಳು ಮೆಡಿಕಲ್ ಶಾಪಲ್ಲಿ ಅದನ್ನೇ ತರ್ತಾ ಇರ್ತಾರೆ, 21 ದಿನಕ್ಕೆ ಅಂತ ಕೊಟ್ಟಿದ್ದು ಮೂರು ವರ್ಷ ನಡೆದುಬಿಡುತ್ತೆ. ಇವತ್ತೇ ಮನೇಲಿರೋ ಚೀಟಿಯ ತಾರೀಖು ನೋಡಿ.

ಹೊಸ ದುಬಾರಿ ಮಾತ್ರೆ ಕೊಟ್ರೆ ಜಾಸ್ತಿ ಒಳ್ಳೇದಾ?

ವಯಸ್ಸಾದವರ ವಿಷಯದಲ್ಲಿ ಹಂಗೇನಿಲ್ಲ. ಪ್ರಾಸುಗ್ರೆಲ್ ತುಂಬಾ ಪವರ್‌ಫುಲ್, ಆದ್ರೆ 2007ರ ದೊಡ್ಡ ಅಧ್ಯಯನದಲ್ಲೇ ಗೊತ್ತಾಯ್ತು, 75 ದಾಟಿದವರಿಗೆ ಮತ್ತೆ 60 ಕೆಜಿಗಿಂತ ಕಮ್ಮಿ ಇರೋರಿಗೆ ಒಟ್ಟಾರೆ ಲಾಭ ಸಿಗಲಿಲ್ಲ, ಮೊದಲೇ ಲಕ್ವ ಆಗಿದ್ದವರಿಗೆ ಹಾನೀನೇ ಆಯ್ತು, ಅಂಥವರಿಗೆ ಅದನ್ನ ಕೊಡೋ ಹಂಗೇ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ರೀತಿಯ ಹಾರ್ಟ್ ಅಟ್ಯಾಕ್ ಆಗಿದ್ದ 70 ದಾಟಿದ ಸುಮಾರು ಸಾವಿರ ಜನರಲ್ಲಿ ಅರ್ಧ ಜನಕ್ಕೆ ಕ್ಲೋಪಿಡೋಗ್ರೆಲ್, ಅರ್ಧ ಜನಕ್ಕೆ ಹೆಚ್ಚಾಗಿ ಟಿಕಾಗ್ರೆಲರ್ ಕೊಟ್ಟು ನೋಡಿದ್ರು (2020), ರಕ್ತಸ್ರಾವ ಕ್ಲೋಪಿಡೋಗ್ರೆಲ್‌ನಲ್ಲಿ 18%, ಇನ್ನೊಂದರಲ್ಲಿ 24%, ಹಾಗಂತ ಕ್ಲೋಪಿಡೋಗ್ರೆಲ್ ಗುಂಪಿಗೆ ಬೇರೆ ತೊಂದರೆ ಏನೂ ಜಾಸ್ತಿ ಆಗಿರಲಿಲ್ಲ. ಹಳೇ, ಅಗ್ಗದ ಮಾತ್ರೆ ಬರ್ದಿದಾರೆ ಅಂತ ಬೇಜಾರು ಮಾಡ್ಕೋಬೇಡಿ, ಬಹುಶಃ ಯೋಚನೆ ಮಾಡೇ ಬರ್ದಿರ್ತಾರೆ.

ಟಿಕಾಗ್ರೆಲರ್ ತಗೋತಿರೋರಿಗೆ ಒಂದು ಮಾತು. ಸುಮಾರು 14% ಜನಕ್ಕೆ ಅದರಿಂದ ಉಸಿರು ಕಟ್ಟಿದ ಹಂಗೆ ಆಗುತ್ತೆ. ವಯಸ್ಸಾದವರಲ್ಲಿ ಹಾರ್ಟ್ ಫೇಲ್ ಆಯ್ತೇನೋ ಅಂತ ಮನೆಯವರು ಗಾಬರಿ ಬೀಳ್ತಾರೆ. ಡಾಕ್ಟರ್‌ಗೆ ತೋರಿಸ್ಲೇಬೇಕು, ತೋರಿಸುವಾಗ ಈ ಮಾತ್ರೆ ಶುರು ಆಗಿ ಎಷ್ಟು ದಿನ ಆಯ್ತು ಅಂತಾನೂ ಹೇಳಿ.

ಕ್ಲೋಪಿಡೋಗ್ರೆಲ್ ಕೆಲವರಿಗೆ ಕೆಲಸಾನೇ ಮಾಡಲ್ಲ ಅಂತಾರಲ್ಲ, ಟೆಸ್ಟ್ ಮಾಡಿಸ್ಬೇಕಾ?

ಅದು ಸುಳ್ಳಲ್ಲ. ಕ್ಲೋಪಿಡೋಗ್ರೆಲ್ ನುಂಗಿದ ತಕ್ಷಣ ಕೆಲಸ ಮಾಡಲ್ಲ, ಲಿವರ್‌ನಲ್ಲಿ ಒಂದು ಎಂಜೈಮ್ ಅದನ್ನ ಬದಲಾಯಿಸಿದ ಮೇಲೇ ಮಾಡೋದು. ಹುಟ್ಟಿನಿಂದಾನೇ ಕೆಲವರಲ್ಲಿ ಆ ಎಂಜೈಮ್ ವೀಕ್ ಇರುತ್ತೆ, ದಕ್ಷಿಣ ಏಷ್ಯಾದವರಲ್ಲಿ ಇದು ಜಾಸ್ತಿ, ಬ್ರಿಟನ್‌ನಲ್ಲಿರೋ ಬಾಂಗ್ಲಾದೇಶಿ, ಪಾಕಿಸ್ತಾನಿ ಮೂಲದವರನ್ನ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಆ ಎಂಜೈಮ್ ಮಾಡೋ ಜೀನ್‌ನ (ಅಪ್ಪ ಅಮ್ಮನಿಂದ ಒಂದೊಂದು ಬರೋ) ಎರಡು ಪ್ರತಿಗಳಲ್ಲಿ ಒಂದಾದ್ರೂ ವೀಕ್ ಪ್ರತಿ ಸಿಕ್ತು. ಒಂದು ವೀಕ್ ಪ್ರತಿ ಇದ್ದ ಮಾತ್ರಕ್ಕೆ ಔಷಧಿ ಪೂರ್ತಿ ದಂಡ ಅಂತ ಅಲ್ಲ.

ಎಲ್ರಿಗೂ ಟೆಸ್ಟ್ ಬೇಕಾ ಅಂದ್ರೆ, ವಯಸ್ಸಾದವರಲ್ಲಿ ಟೆಸ್ಟ್ ನೋಡ್ಕೊಂಡು ಮಾತ್ರೆ ಬದಲಾಯಿಸೋದ್ರಿಂದ ಏನಾದ್ರೂ ಉಪಯೋಗ ಇದ್ಯಾ ಅಂತ ಫ್ರಾನ್ಸ್‌ನಲ್ಲಿ ನೋಡಿದಾರೆ. ಆಂಟಾರ್ಕ್ಟಿಕ್ ಅಂತ ಅದರ ಹೆಸರು, 2016, ಸ್ಟೆಂಟ್ ಹಾಕಿಸ್ಕೊಂಡ 75 ದಾಟಿದ 877 ಜನ. ಅರ್ಧ ಜನಕ್ಕೆ ಪ್ಲೇಟ್‌ಲೆಟ್ ಎಷ್ಟು ತಗ್ಗಿದೆ ಅಂತ ಅಳತೆ ಮಾಡಿ ಔಷಧಿ ಅಡ್ಜಸ್ಟ್ ಮಾಡಿದ್ರು, ಇನ್ನರ್ಧ ಜನಕ್ಕೆ ಇಲ್ಲ. ಕೊನೆಗೆ ಎರಡೂ ಗುಂಪಿಗೆ ವ್ಯತ್ಯಾಸ ಬರ್ಲಿಲ್ಲ. ಮಾತ್ರೆ ಸರಿಯಾಗಿ ತಗೋತಿದ್ರೂ ಮತ್ತೆ ಸ್ಟೆಂಟ್ ಬ್ಲಾಕ್ ಆಯ್ತು ಅನ್ನೋ ಥರದ ಕೇಸಲ್ಲಿ ಡಾಕ್ಟರ್ ಟೆಸ್ಟ್ ಬರ್ದ್ರೆ ಮಾಡ್ಸಿ, ಸುಮ್ನೆ ಪ್ಯಾಕೇಜಲ್ಲಿ ಇದೆ ಅಂತ ಬೇಡ.

ಗ್ಯಾಸ್ ಮಾತ್ರೆ ಜೊತೇಲಿ ಯಾಕೆ ಕೊಡ್ತಾರೆ? ಹೊಟ್ಟೆ ಉರಿ ಇಲ್ಲ, ನಿಲ್ಲಿಸ್ಲಾ?

ವಯಸ್ಸಾದವರಲ್ಲಿ ಅದು ಉರಿಗೆ ಅಂತ ಕೊಡೋದಲ್ಲ, ಹೊಟ್ಟೆಯಿಂದ ರಕ್ತ ಹೋಗದೇ ಇರ್ಲಿ ಅಂತ ಕೊಡೋದು. ಆಕ್ಸ್‌ಫರ್ಡ್‌ನಲ್ಲಿ ಇಂಥ ಮಾತ್ರೆ ತಗೋತಿದ್ದ 3,166 ಜನರನ್ನ ವರ್ಷಗಟ್ಲೆ ಗಮನಿಸಿದ್ರು, 2017ರಲ್ಲಿ ವರದಿ ಬಂತು. 75 ದಾಟಿದವರಲ್ಲಿ ಹೊಟ್ಟೆಯ ರಕ್ತಸ್ರಾವ ಜಾಸ್ತಿ ಆಗೋದಷ್ಟೇ ಅಲ್ಲ, ಆದ್ರೆ ಹಾಸಿಗೆ ಹಿಡಿಯೋ ಮಟ್ಟಕ್ಕೆ ಅಥವಾ ಸಾವಿನ ಮಟ್ಟಕ್ಕೆ ಹೋಗೋದೂ ಜಾಸ್ತಿ. ಅಂಥ ಒಂದು ದೊಡ್ಡ ರಕ್ತಸ್ರಾವ ತಡೆಯೋಕೆ 65ಕ್ಕಿಂತ ಚಿಕ್ಕವರಾದ್ರೆ 338 ಜನಕ್ಕೆ 5 ವರ್ಷ ಗ್ಯಾಸ್ ಮಾತ್ರೆ ಕೊಡ್ಬೇಕು, 85 ದಾಟಿದವರಲ್ಲಿ 25 ಜನಕ್ಕೆ ಕೊಟ್ರೆ ಸಾಕು ಅಂತ ಲೆಕ್ಕ ಬಂತು. ಹೊಟ್ಟೇಲಿ ಏನೂ ಗೊತ್ತಾಗದೇನೇ ಒಳಗೆ ಹುಣ್ಣು ಇರೋದು ಈ ವಯಸ್ಸಲ್ಲಿ ಅಪರೂಪ ಅಲ್ಲ, ಅದಕ್ಕೇ ಉರಿ ಇಲ್ಲ ಅಂತ ನಿಲ್ಲಿಸ್ಬೇಡಿ.

ಯಾವ ಗ್ಯಾಸ್ ಮಾತ್ರೆ ಅನ್ನೋದೂ ಮುಖ್ಯ. ಓಮಿಪ್ರಜೋಲ್, ಇಸೋಮಿಪ್ರಜೋಲ್ ಎರಡೂ ಕ್ಲೋಪಿಡೋಗ್ರೆಲ್‌ನ ಬದಲಾಯಿಸೋ ಆ ಎಂಜೈಮನ್ನೇ ತಡೀತ್ವೆ, ಹಂಗಾಗಿ ಕ್ಲೋಪಿಡೋಗ್ರೆಲ್ ತಗೋಳೋರಿಗೆ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಬರೀತಾರೆ. ಅಂಗಡೀಲಿ "ಅದಿಲ್ಲ, ಇದೂ ಗ್ಯಾಸಿಗೇ" ಅಂತ ಬೇರೇದು ಕೊಟ್ರೆ ಡಾಕ್ಟರ್‌ಗೆ ಒಂದು ಫೋನ್ ಮಾಡಿ.

ಮಂಡಿ ನೋವಿಗೆ ಏನ್ ತಗೋಬಹುದು?

ಪ್ಯಾರಸಿಟಮಾಲ್, ಅಂದ್ರೆ ಡೋಲೋ ಥರದ್ದು, ಡಾಕ್ಟರ್ ಹೇಳಿದ ಡೋಸಲ್ಲಿ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಮತ್ತೆ ಅವು ಸೇರಿರೋ ಕಾಂಬಿಫ್ಲಾಮ್ ಥರದ ನೋವಿನ ಮಾತ್ರೆಗಳನ್ನ ನೀವಾಗೇ ತಗೋಬೇಡಿ. ವಯಸ್ಸಾದವರ ಹೊಟ್ಟೆ ರಕ್ತಸ್ರಾವಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಕಿಡ್ನಿಗೂ ಪೆಟ್ಟು. ಐಬುಪ್ರೊಫೇನ್‌ಗೆ ಇನ್ನೊಂದು ತೊಂದರೆ ಇದೆ, ಅದು ಆಸ್ಪಿರಿನ್ ಕೂರೋ ಜಾಗದಲ್ಲೇ ಮೊದಲು ಹೋಗಿ ಕೂತ್ರೆ ಆಸ್ಪಿರಿನ್ ತಗೊಂಡಿದ್ದೇ ವ್ಯರ್ಥ. ಅಂಗಡೀಲಿ ಚೀಟಿ ಇಲ್ದೆ ಎರಡು ನೋವಿನ ಮಾತ್ರೆ ಕೇಳಿ ತಗೊಳ್ಳೋ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅಜ್ಜ ಅಜ್ಜಿ ಮನೆಯವರಿಗೆ ಹೇಳೋದೂ ಇಲ್ಲ, ಕೇಳಿ ತಿಳ್ಕೊಳ್ಳಿ.

ಸೊಪ್ಪು ತಿನ್ನಬಾರದಂತೆ, ಹೌದಾ?

ಈ ಮಾತ್ರೆಗಳಿಗೆ ಆ ಪಥ್ಯ ಇಲ್ಲ. ಸೊಪ್ಪಿನ ಬಗ್ಗೆ ಹುಷಾರಾಗಿರ್ಬೇಕಾಗಿರೋದು ವಾರ್ಫರಿನ್, ಅಸಿಟ್ರೋಮ್ ತಗೋಳೋರು, ಅವರೂ ಪೂರ್ತಿ ಬಿಡೋದಲ್ಲ, ದಿನಾ ಒಂದೇ ಅಳತೇಲಿ ತಿನ್ನೋದು. ಅವು ಬೇರೆ ಜಾತಿ ಔಷಧಿ, ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡಲ್ಲ. ಇಕೋಸ್ಪ್ರಿನ್ ತಗೋಳೋ ಅಜ್ಜಿಗೆ ಬಸ್ಸಾರು, ಮಸೊಪ್ಪು ಧಾರಾಳವಾಗಿ ಹಾಕಿ. ಅಡುಗೇಲಿ ಹಾಕೋ ಬೆಳ್ಳುಳ್ಳಿ, ಅರಿಶಿನಾನೂ ಸರಿ, ಅದೇ ಕ್ಯಾಪ್ಸೂಲ್ ರೂಪದಲ್ಲಿ ದಿನಾ ನುಂಗೋದಾದ್ರೆ ಡಾಕ್ಟರ್‌ಗೆ ಹೇಳಿ. ಅಸಿಟ್ರೋಮ್ ಥರದ್ದೂ ಆಸ್ಪಿರಿನ್ನೂ ಎರಡೂ ನಡೀತಿದ್ರೆ ಮಾತ್ರ ಒಂದ್ಸಲ "ಎರಡೂ ಬೇಕಾ?" ಅಂತ ಕೇಳ್ಲೇಬೇಕು.

ಕೈಮೇಲೆ ನೀಲಿ ಕಲೆ ಬರ್ತಿದೆ, ಮೋಷನ್ ಕಪ್ಪಗೆ ಹೋಗ್ತಿದೆ. ಯಾವುದಕ್ಕೆ ಹೆದರ್ಬೇಕು?

ಮುಂಗೈ ಮೇಲೆ ಸಣ್ಣ ನೀಲಿ ಕಲೆ ಬಂದು ಹೋಗೋದು ಈ ಮಾತ್ರೆ ತಗೋಳೋ ವಯಸ್ಸಾದವರಲ್ಲಿ ತುಂಬಾ ಸಾಮಾನ್ಯ, ಅದಕ್ಕೆ ಮಾತ್ರೆ ನಿಲ್ಲಿಸೋದು ಬೇಡ, ಮುಂದಿನ ಸಲ ಹೋದಾಗ ತೋರಿಸಿ. ಮೋಷನ್ ಟಾರ್ ಥರ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಬರ್ತಾ ಹೋದ್ರೆ ಅದು ಹೊಟ್ಟೆಯಿಂದ ರಕ್ತ ಹೋಗ್ತಿರೋ ಲಕ್ಷಣ, ಅವತ್ತೇ ಆಸ್ಪತ್ರೆಗೆ ಹೋಗಿ. ಐರನ್ ಮಾತ್ರೆ ತಗೊಂಡ್ರೂ ಕಪ್ಪಗಾಗುತ್ತೆ, ಆದ್ರೆ ಅದು ಅಂಟಂಟಾಗಿರಲ್ಲ, ಡೌಟ್ ಇದ್ರೆ ತೋರಿಸೋದೇ ಸರಿ. ವಾಂತೀಲಿ ರಕ್ತ ಅಥವಾ ಕಾಫಿ ಪುಡಿ ಥರ ಬಂದ್ರೆ, ಮೂಗಿನ ರಕ್ತ ಒತ್ತಿ ಹಿಡಿದ್ರೂ ನಿಲ್ಲದೇ ಇದ್ರೆ ಕಾಯಬೇಡಿ.

ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಯ್ತು, ಎದ್ದು ಚೆನ್ನಾಗೇ ಓಡಾಡ್ತಿದಾರೆ.

ಆದ್ರೂ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ವಯಸ್ಸಾದವರ ಮೆದುಳು ಸ್ವಲ್ಪ ಕುಗ್ಗಿರೋದ್ರಿಂದ ತಲೆಬುರುಡೆ ಒಳಗೆ ಜಾಗ ಇರುತ್ತೆ, ರಕ್ತ ನಿಧಾನಕ್ಕೆ ಸೇರ್ತಾ ಹೋದ್ರೂ ದಿನಗಟ್ಲೆ, ವಾರಗಟ್ಲೆ ಏನೂ ಕಾಣ್ಸಲ್ಲ, ಆಮೇಲೆ ತಲೆನೋವು, ಮಂಕು, ಮಾತು ತಪ್ಪೋದು, ನಡಿಗೆ ವಾಲೋದು ಶುರು ಆಗುತ್ತೆ, ಮನೆಯವರು ಮರೆವಿನ ಕಾಯಿಲೆ ಅಂದ್ಕೋತಾರೆ. ಬಿದ್ದಿದ್ದು ಒಂದು ತಿಂಗಳ ಹಿಂದೆ ಆಗಿದ್ರೂ ಡಾಕ್ಟರ್‌ಗೆ ಅದನ್ನ ಹೇಳಿ. ಬಚ್ಚಲಿಗೆ ಹಿಡಿ, ಜಾರದ ಮ್ಯಾಟು, ರಾತ್ರಿ ಒಂದು ಸಣ್ಣ ಲೈಟು, ಇವು ಇಂಥ ಮಾತ್ರೆ ತಗೋಳೋರ ಮನೇಲಿ ಇರ್ಲೇಬೇಕು.

ಹಲ್ಲು ಕೀಳಿಸೋಕೆ, ಕಣ್ಣಿನ ಪೊರೆ ಆಪರೇಷನ್‌ಗೆ ಮಾತ್ರೆ ನಿಲ್ಲಿಸ್ಬೇಕಾ?

ಹೆಚ್ಚಾಗಿ ಬೇಡ. ಹಲ್ಲಿನ ಜಾಗದಲ್ಲಿ ಒತ್ತಿ ಹಿಡಿದು, ಹೊಲಿಗೆ ಹಾಕಿ ರಕ್ತ ನಿಲ್ಲಿಸ್ತಾರೆ, ಪೊರೆ ಆಪರೇಷನ್‌ಗೂ ಸಾಮಾನ್ಯವಾಗಿ ನಿಲ್ಲಿಸಲ್ಲ. ದೊಡ್ಡ ಆಪರೇಷನ್ ಆದ್ರೆ ಕ್ಲೋಪಿಡೋಗ್ರೆಲ್ ಸುಮಾರು 5 ದಿನ, ಪ್ರಾಸುಗ್ರೆಲ್ 7 ದಿನ ಮುಂಚೆ ನಿಲ್ಲಿಸೋದುಂಟು, ಆದ್ರೆ ಸ್ಟೆಂಟ್ ಇರೋರಿಗೆ ಆ ತೀರ್ಮಾನ ಆಪರೇಷನ್ ಮಾಡೋ ಡಾಕ್ಟರೂ ಹಾರ್ಟ್ ಡಾಕ್ಟರೂ ಇಬ್ರೂ ಮಾತಾಡ್ಕೊಂಡು ಮಾಡ್ಬೇಕು. ಮತ್ತೆ ಯಾವತ್ತು ಶುರು ಮಾಡೋದು ಅಂತ ಕೇಳೋಕೆ ಮರೀಬೇಡಿ, ನಿಲ್ಲಿಸಿದ್ದು ನಿಲ್ಲಿಸಿದಂಗೇ ಉಳಿದುಬಿಡುತ್ತೆ.

ಡೆಂಗ್ಯೂ ಜ್ವರ ಬಂದ್ರೆ?

ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಮೊದಲ ದಿನಾನೇ ಡಾಕ್ಟರ್‌ಗೆ "ಇವರು ಆಸ್ಪಿರಿನ್ ತಗೋತಾರೆ, ಸ್ಟೆಂಟ್ ಇದೆ, ಇಂಥ ವರ್ಷ ಹಾಕ್ಸಿದ್ದು" ಅಂತ ಹೇಳಿ. ಮುಂದುವರಿಸೋದಾ ತಾತ್ಕಾಲಿಕವಾಗಿ ನಿಲ್ಲಿಸೋದಾ ಅಂತ ಕೌಂಟ್ ಮತ್ತೆ ಸ್ಟೆಂಟಿನ ವಯಸ್ಸು ಎರಡನ್ನೂ ನೋಡಿ ಹೇಳ್ತಾರೆ.

ಒಂದು ದಿನ ಮರೆತ್ರೆ ಮಾರನೇ ದಿನ ಎರಡು ಕೊಡ್ಲಾ?

ಬೇಡ. ಅವತ್ತೇ ನೆನಪಾದ್ರೆ ಕೊಡಿ, ಮಾರನೇ ದಿನ ನೆನಪಾದ್ರೆ ಅವತ್ತಿನದ್ದು ಒಂದೇ. ಇದಕ್ಕಿಂತ ಜಾಸ್ತಿ ಆಗೋ ತಪ್ಪು ಬೇರೆ ಇದೆ. ಇಕೋಸ್ಪ್ರಿನ್ ಎವಿ ಅಂದ್ರೆ ಆಸ್ಪಿರಿನ್ ಜೊತೆ ಕೊಲೆಸ್ಟ್ರಾಲ್ ಮಾತ್ರೆ, ಇಕೋಸ್ಪ್ರಿನ್ ಗೋಲ್ಡ್ ಅಂದ್ರೆ ಅದರಲ್ಲಿ ಕ್ಲೋಪಿಡೋಗ್ರೆಲ್ಲೂ ಸೇರಿರುತ್ತೆ. ಒಂದು ಆಸ್ಪತ್ರೇಲಿ ಗೋಲ್ಡ್ ಬರ್ದಿರ್ತಾರೆ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಬರ್ದಿರ್ತಾರೆ, ಮನೇಲಿ ಎರಡೂ ಚೀಟಿ ಮಾತ್ರೆ ಒಟ್ಟಿಗೆ ನಡೀತಿರುತ್ತೆ. ಸ್ಟ್ರಿಪ್ ಹಿಂದೆ ಇರೋ ಔಷಧಿ ಹೆಸರು ಓದಿ, ಒಂದೇ ಹೆಸರು ಎರಡು ಕಡೆ ಕಂಡ್ರೆ ಕೇಳಿ.

ಮನೇಲಿ ದಿಢೀರ್ ಎದೆನೋವು ಬಂದ್ರೆ ಇಕೋಸ್ಪ್ರಿನ್ ಕೊಡಬಹುದಾ?

ಮೊದಲು 108ಕ್ಕೆ ಫೋನ್. ಹಾರ್ಟ್ ಅಟ್ಯಾಕ್ ಥರದ ಎದೆನೋವು, ಬೆವರು ಇದ್ದು, ಆಸ್ಪಿರಿನ್ ಅಲರ್ಜಿ ಇಲ್ಲ, ಎಲ್ಲೂ ರಕ್ತಸ್ರಾವ ಇಲ್ಲ ಅಂತ ಗೊತ್ತಿದ್ರೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗೋಕೆ ಹೇಳ್ತಾರೆ, ಫೋನಲ್ಲಿ ಕೇಳ್ಕೊಂಡು ಕೊಡಿ. ಕ್ಲೋಪಿಡೋಗ್ರೆಲ್ ನಾಲ್ಕು ಮಾತ್ರೆ ಒಟ್ಟಿಗೆ ಕೊಡೋದನ್ನ ಮನೇಲಿ ಮಾಡ್ಬೇಡಿ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋದಾದ್ರೆ 75 ದಾಟಿದವರಿಗೆ ಆಸ್ಪತ್ರೇಲೂ ಒಂದೇ ಮಾತ್ರೆ ಕೊಡ್ತಾರೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಆ ಇಂಜೆಕ್ಷನ್ ಕೊಡೋ ವ್ಯವಸ್ಥೆ ಮಾಡಿದಾರೆ, ಹಂಗಾಗಿ ಬೆಂಗಳೂರಿಗೇ ಹೋಗ್ಬೇಕು ಅಂತ ಕಾರು ಹುಡುಕ್ತಾ ಕೂರ್ಬೇಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಬಾಯಿ ಸೊಟ್ಟ ಆಗೋದು, ಕೈ ಬಿದ್ದು ಹೋಗೋದು, ಮಾತು ತೊದಲೋದು ಕಂಡ್ರೆ ಮಾತ್ರ ಆಸ್ಪಿರಿನ್ ಕೊಡಲೇಬೇಡಿ. ಲಕ್ವ ಹೆಪ್ಪುಗಟ್ಟಿ ಆಗಿದ್ಯೋ ರಕ್ತನಾಳ ಒಡೆದು ಆಗಿದ್ಯೋ ಅಂತ ಸಿಟಿ ಸ್ಕ್ಯಾನ್ ಮಾಡ್ದೆ ಯಾರಿಗೂ ಗೊತ್ತಾಗಲ್ಲ, ಒಡೆದಿದ್ರೆ ಆ ಒಂದು ಮಾತ್ರೆ ರಕ್ತಸ್ರಾವ ಜಾಸ್ತಿ ಮಾಡುತ್ತೆ. ಎಷ್ಟು ಗಂಟೆಗೆ ಶುರು ಆಯ್ತು, ಯಾವ ಮಾತ್ರೆ ತಗೋತಾರೆ, ಕೊನೇ ಸಲ ಯಾವಾಗ ತಗೊಂಡ್ರು ಅಂತ ಚೀಟೀಲಿ ಬರ್ದು, ಹಳೇ ಡಿಸ್ಚಾರ್ಜ್ ಪೇಪರ್ ಜೊತೆ ಆಂಬುಲೆನ್ಸ್‌ನವರ ಕೈಗೆ ಕೊಡಿ.